ಚಿಮಣಿ ಬಿದ್ದ ಮೇಲೆ ಬಂದ ವಿಮಾನ

ಸೊಲ್ಲಾಪುರದ ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ ಸುಮಾರು 90 ಮೀಟರ್ ಎತ್ತರವಿತ್ತು. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತೆಗೆಯುವ ಘಟಕಕ್ಕೆಂದು ಎಬ್ಬಿಸಿದ್ದು. 2023ರ ಜೂನ್ 15ರಂದು ಪೊಲೀಸ್ ಬಂದೋಬಸ್ತಿನ ನಡುವೆ ಅದರ ಬುಡಕ್ಕೆ ಸ್ಫೋಟಕ ಇಟ್ಟರು. ವರ್ಷಗಟ್ಟಲೆ ಕೋರ್ಟು, ಮೆರವಣಿಗೆ, ರಾಜಕೀಯ ಎಲ್ಲವನ್ನೂ ಕಂಡಿದ್ದ ಚಿಮಣಿ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿತ್ತು. ಅದರ ತಪ್ಪು ಇಷ್ಟೇ: ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಹೋಗಿಬರುವ ವಿಮಾನದ ದಾರಿಗೆ ಅಡ್ಡ ನಿಂತಿತ್ತು.

ಸಣ್ಣ ಊರುಗಳಿಗೆ ವಿಮಾನ ಸೇವೆ ತರುವ ಕೇಂದ್ರದ ಉಡಾನ್ ಯೋಜನೆಯ ಶುರುವಾತಿನಲ್ಲೇ, 2017ರಲ್ಲಿ, ಸೊಲ್ಲಾಪುರದ ಹೆಸರು ಪಟ್ಟಿಗೆ ಸೇರಿತ್ತು. ಆದರೆ ಚಿಮಣಿ ಇರುವ ತನಕ ವಿಮಾನ ಬರಲಿಲ್ಲ. ಕಾರ್ಖಾನೆಯ ಸಾವಿರಾರು ರೈತ ಸದಸ್ಯರು ಕೆಡವಲು ಬಿಡಲಿಲ್ಲ; ಬೋರಾಮಣಿಯಲ್ಲಿ ಹೊಸ ನಿಲ್ದಾಣ ಕಟ್ಟುವ ಯೋಜನೆ ಇರುವಾಗ ನಮ್ಮ ಚಿಮಣಿಯ ಮೇಲೇ ಏಕೆ ಕಣ್ಣು ಎಂಬುದು ಅವರ ವಾದ. ಕೊನೆಗೆ ಚಿಮಣಿ ಹೋಯಿತು. 2024ರ ಸೆಪ್ಟೆಂಬರ್ 29ರಂದು ನವೀಕೃತ ನಿಲ್ದಾಣದ ಉದ್ಘಾಟನೆಯಾಯಿತು, 2025ರ ಜೂನ್‌ನಲ್ಲಿ ಗೋವಾಕ್ಕೆ ವಿಮಾನ ಹಾರಿತು.

ಈ ಕತೆಯನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಓದುಗರು ಬೇರೆಯವರ ಊರಿನ ಸುದ್ದಿ ಎಂದು ಬದಿಗಿಡುವಂತಿಲ್ಲ. ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಉತ್ತೂರು, ಬಾಡಗಂಡಿ ಎನ್ನುತ್ತ ಎಣಿಸುತ್ತ ಹೋದರೆ ಈ ಸೀಮೆಯಲ್ಲೂ ಊರೂರಿಗೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಗೊಂದು ಚಿಮಣಿ. ಬಾಗಲಕೋಟೆ ಜಿಲ್ಲೆಯಲ್ಲಿ ಇವತ್ತಿಗೆ ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣವಿಲ್ಲ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆ ಕಟ್ಟುವವನನ್ನು ವಿಮಾನದ ಹೆಸರಿನಲ್ಲಿ ಯಾರೂ ತಡೆಯುವುದಿಲ್ಲ. ಆದರೆ ಇಲ್ಲಿನ ಕಬ್ಬಿನ ದುಡ್ಡು, ಮಗ್ಗದ ದುಡ್ಡು ಇಲ್ಲೇ ಉಳಿಯುತ್ತದೆಯೇ? ಮಕ್ಕಳ ಓದಿಗೆಂದು ಬೆಳಗಾವಿಯಲ್ಲಿ ಒಂದು ಪ್ಲಾಟು, ವ್ಯಾಪಾರಕ್ಕೆಂದು ಹುಬ್ಬಳ್ಳಿಯಲ್ಲಿ ಒಂದು ಗೋದಾಮು, "ಮುಂದೆ ರೇಟ್ ಏರತೈತಿ" ಎಂದು ವಿಜಯಪುರದ ಹೊರಗೆ ನಾಲ್ಕು ಗುಂಟೆ, ಸಾಫ್ಟ್‌ವೇರ್ ಕೆಲಸದ ಮಗನಿಗೆ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟು. ಈ ನಾಲ್ಕು ಊರಿಗೂ ವಿಮಾನ ನಿಲ್ದಾಣದ ನಂಟಿದೆ.

ಮುಧೋಳದಿಂದ ಲೋಕಾಪುರ, ಯರಗಟ್ಟಿ ಹಿಡಿದು ಬೆಳಗಾವಿಗೆ ಹೋಗುವ ಬಸ್ಸು ಊರು ಮುಟ್ಟುವ ಮೊದಲು ಸಾಂಬ್ರಾ ದಾಟುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರು ಮಾಡಿದ ವಿಮಾನ ನಿಲ್ದಾಣ ಅಲ್ಲಿದೆ. ಆ ರಸ್ತೆಯ ಎರಡೂ ಬದಿಗೆ ಈಗ ಬಡಾವಣೆಗಳ ಬೋರ್ಡುಗಳು. "ಏರ್‌ಪೋರ್ಟಿಗೆ ಐದೇ ನಿಮಿಷ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಐದು ನಿಮಿಷದ ಜಾಗದಲ್ಲಿ ಎಷ್ಟು ಎತ್ತರ ಕಟ್ಟಬಹುದು ಎಂಬುದನ್ನು ಸಣ್ಣ ಅಕ್ಷರದಲ್ಲೂ ಬರೆದಿರುವುದಿಲ್ಲ.

ಸಮುದ್ರಮಟ್ಟದ ಲೆಕ್ಕ

ವಿಮಾನ ನಿಲ್ದಾಣದ ಎತ್ತರದ ನಿಯಮ ಗೊತ್ತಿಲ್ಲದವರು ಮೊದಲು ಎಡವುವುದು ಒಂದೇ ಕಡೆ. ಎತ್ತರ ಎಂದರೆ ತಮ್ಮ ಪ್ಲಾಟಿನ ನೆಲದಿಂದ ಅಳೆದದ್ದು ಎಂದುಕೊಳ್ಳುತ್ತಾರೆ. ಕಾಗದದಲ್ಲಿ ಬರೆಯುವ ಅಂಕಿ ಸಮುದ್ರಮಟ್ಟದಿಂದ ಅಳೆದದ್ದು.

ಕೃಷ್ಣೆ, ಘಟಪ್ರಭೆಯ ದಂಡೆಯವರಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಆಲಮಟ್ಟಿ ಅಣೆಕಟ್ಟಿನ ಈಗಿನ ಮಟ್ಟ 519.60 ಮೀಟರ್, ಕೃಷ್ಣಾ ಎರಡನೇ ನ್ಯಾಯಾಧೀಕರಣ ಒಪ್ಪಿರುವ ಮಟ್ಟ 524.256 ಮೀಟರ್. ಬೀಳಗಿಯ ಪುನರ್ವಸತಿ ಕೇಂದ್ರಗಳಲ್ಲಿ ಈ ಎರಡು ಅಂಕಿಗಳನ್ನು ದಶಾಂಶದ ಸಮೇತ ಹೇಳುವ ಮುದುಕರಿದ್ದಾರೆ. ಹೊಲ 523ರಲ್ಲಿದ್ದರೆ ಒಂದು ಬದುಕು, 525ರಲ್ಲಿದ್ದರೆ ಇನ್ನೊಂದು. ಅಲ್ಲಿ ನೀರು ಕೆಳಗಿನಿಂದ ಏರಿಬರುತ್ತದೆ, ಇಲ್ಲಿ ಮಿತಿ ಮೇಲಿನಿಂದ ಇಳಿಯುತ್ತದೆ. ಅಳೆಯುವ ಕೋಲು ಮಾತ್ರ ಒಂದೇ. ಮುಳುಗಡೆಯ ಸರ್ವೇ ಓದಲು ಕಲಿತವರು ವಿಮಾನ ನಿಲ್ದಾಣದ ಕಾಗದವನ್ನೂ ಓದಬಲ್ಲರು.

ಲೆಕ್ಕ ಹೀಗೆ. ಜೆಟ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಇರುವ ನಿಲ್ದಾಣದ ಸುತ್ತ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ, ಕಣ್ಣಿಗೆ ಕಾಣದ ಒಂದು ಚಾವಣಿ ಇರುತ್ತದೆ. ಸುಮಾರು 4 ಕಿಲೋಮೀಟರ್ ತನಕ ಅದು ಸಪಾಟ. ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ. ಅಲ್ಲಿಂದ ಹೊರಕ್ಕೆ 100 ಮೀಟರಿಗೆ 5 ಮೀಟರಿನಂತೆ ಏರುತ್ತ ಹೋಗಿ ಇನ್ನೆರಡು ಕಿಲೋಮೀಟರಿನಲ್ಲಿ 145 ಮೀಟರ್ ಮುಟ್ಟುತ್ತದೆ. ಆಮೇಲೆ 15 ಕಿಲೋಮೀಟರ್ ತನಕ ಮತ್ತೆ ಸಪಾಟ, 150 ಮೀಟರಿನಲ್ಲಿ. ವಿಜಯಪುರದ ಗೋಳಗುಮ್ಮಟ 51 ಮೀಟರ್. ಅಂದರೆ ಆದಿಲ್‌ಶಾಹಿಗಳು ಅದನ್ನು ಒಂದು ವಿಮಾನ ನಿಲ್ದಾಣದಿಂದ ಮೂರು ಕಿಲೋಮೀಟರ್ ದೂರದ ಸಮನೆಲದಲ್ಲಿ ಕಟ್ಟಿದ್ದರೆ ತುದಿಯ ಆರು ಮೀಟರಿಗೆ ತಕರಾರು ಬರುತ್ತಿತ್ತು!

ಇದು ಪಕ್ಕದಲ್ಲಿರುವವರ ಲೆಕ್ಕ. ರನ್‌ವೇಯ ತಲೆ–ಬಾಲಕ್ಕೆ ಎದುರಾಗಿ, ಅಂದರೆ ವಿಮಾನ ಇಳಿಯುವ ಮತ್ತು ಏರುವ ನೇರದಲ್ಲಿ ಜಾಗ ಇದ್ದವರ ಲೆಕ್ಕ ಬಹಳ ಬಿಗಿ. ಅಲ್ಲಿ ಚಾವಣಿ ರನ್‌ವೇ ತುದಿಯ ಹತ್ತಿರ ನೆಲದಿಂದಲೇ ಶುರುವಾಗಿ 100 ಮೀಟರಿಗೆ 2 ಮೀಟರ್ ಮಾತ್ರ ಏರುತ್ತದೆ. 500 ಮೀಟರ್ ದೂರಕ್ಕೆ 10 ಮೀಟರ್. ಒಂದು ಕಿಲೋಮೀಟರಿಗೆ 20. ಮೂರು ಕಿಲೋಮೀಟರಿಗೆ 60, ಆದರೆ ಅಷ್ಟರಲ್ಲಿ 45ರ ಸಪಾಟ ಚಾವಣಿಯೇ ಕೆಳಗಿರುವುದರಿಂದ ಅಲ್ಲಿ ಅದೇ ಮಿತಿ. ಮುಂದೆ ಏರಿಕೆ ತುಸು ಹೆಚ್ಚುತ್ತದೆ, ಒಟ್ಟು 15 ಕಿಲೋಮೀಟರ್ ತನಕ ಈ ಓಣಿ ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತದೆ. ಕೆಳಗೆ ಒಂದು ಮನೆ, ಮೇಲೆ ಮೂರು ಮಾಳಿಗೆ, ಅದರ ಮೇಲೆ ನೀರಿನ ಟ್ಯಾಂಕು ಎಂದರೆ ಸಾಮಾನ್ಯವಾಗಿ 15 ಮೀಟರ್ ದಾಟುತ್ತದೆ. ರನ್‌ವೇ ನೇರದಲ್ಲಿ 600 ಮೀಟರ್ ದೂರದ ಪ್ಲಾಟಿನಲ್ಲಿ ಅಂಥ ಮನೆ ಕಟ್ಟಲಾಗದು. ಅಷ್ಟೇ ದೂರದಲ್ಲಿ, ಆದರೆ ಪಕ್ಕದಲ್ಲಿರುವ ಪ್ಲಾಟಿನಲ್ಲಿ ಕಟ್ಟಬಹುದು. ಎರಡಕ್ಕೂ ಏಜೆಂಟರು ಹೇಳುವ ರೇಟ್ ಒಂದೇ.

ಬೆಳಗಾವಿ ನಿಲ್ದಾಣದ ಮಟ್ಟ ಸಮುದ್ರದಿಂದ ಸುಮಾರು 758 ಮೀಟರ್. 45 ಕೂಡಿಸಿದರೆ ಹತ್ತಿರದ ಚಾವಣಿ 803. ಎರಡು ಕಿಲೋಮೀಟರ್ ದೂರದಲ್ಲಿ, ರನ್‌ವೇಯ ಪಕ್ಕಕ್ಕೆ ಒಬ್ಬರ ಪ್ಲಾಟು ಇದೆ, ಅದರ ನೆಲ 760ರಲ್ಲಿದೆ ಎನ್ನೋಣ. ಅವರಿಗೆ 43 ಮೀಟರ್ ಸಿಕ್ಕಿತು. ಹತ್ತು ಮಾಳಿಗೆಗೂ ಸಾಕು. ಅಷ್ಟೇ ದೂರದಲ್ಲಿ ಇನ್ನೊಬ್ಬರ ಪ್ಲಾಟು ದಿಬ್ಬದ ಮೇಲಿದೆ, ನೆಲ 785. ಅವರಿಗೆ ಸಿಕ್ಕಿದ್ದು 18 ಮೀಟರ್. ದಿಬ್ಬದ ಮೇಲಿನ ಪ್ಲಾಟಿಗೆ "ಹವಾ ಚಲೋ, ವ್ಯೂ ಚಲೋ" ಎಂದು ಹೆಚ್ಚಿನ ಬೆಲೆ ಕೊಟ್ಟವರು ಅಪಾರ್ಟ್‌ಮೆಂಟಿನ ಆಸೆ ಬಿಡಬೇಕು. ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ. ನಿಲ್ದಾಣದ ರೇಡಾರ್, ವಿಮಾನಕ್ಕೆ ದಾರಿ ತೋರುವ ಸಂಕೇತ ಉಪಕರಣಗಳು ಹತ್ತಿರದಲ್ಲಿದ್ದರೆ ಮಿತಿ ಇನ್ನೂ ಕೆಳಗಿಳಿಯಬಹುದು. ಆದ್ದರಿಂದ ಮನೆಯ ಲೆಕ್ಕವನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು ಕೊನೆಯ ಅಂಕಿಯನ್ನು ಕಚೇರಿಯಿಂದಲೇ ಪಡೆಯಬೇಕು.

ಎತ್ತರ ಎಂದರೆ ಸ್ಲ್ಯಾಬಿನ ಎತ್ತರವೂ ಅಲ್ಲ. ಮೆಟ್ಟಿಲ ಮೇಲಿನ ಕೋಣೆ, ಲಿಫ್ಟಿನ ಯಂತ್ರದ ಗೂಡು, ನೀರಿನ ಟ್ಯಾಂಕು, ಸಿಡಿಲು ಕಡ್ಡಿ, ಆಂಟೆನಾ, ತುದಿಗೆ ಸಿಕ್ಕಿಸಿದ ಏನೇ ಇರಲಿ, ಅದರ ತುದಿ ಲೆಕ್ಕಕ್ಕೆ. ಗಿಡಮರಗಳಿಗೂ ಇದೇ ಕಾನೂನು ಅನ್ವಯಿಸುತ್ತದೆ. ಕಬ್ಬಿಗೆ ಯಾರ ತಕರಾರೂ ಇಲ್ಲ, ಆದರೆ ರನ್‌ವೇ ನೇರದಲ್ಲಿ ಹೊಲ ಇದ್ದವರು ಬದುವಿಗೆ ನೀಲಗಿರಿ, ತೆಂಗು ಹಾಕುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಕಾಗದ ಎಲ್ಲಿ ಸಿಗುತ್ತದೆ

ಈ ಎಲ್ಲಕ್ಕೂ ಆಧಾರ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2015ರ ಸೆಪ್ಟೆಂಬರ್ 30ರಂದು ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳು; ಅವು 2020ರಲ್ಲಿ ತಿದ್ದುಪಡಿಯಾಗಿವೆ. ಅವುಗಳ ಹಿಂದಿನ ಮೂಲ ಕಾಯಿದೆ 1934ರ ವಿಮಾನ ಕಾಯಿದೆ. ಅದರ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ. ನಿಲ್ದಾಣದ ನಡುಬಿಂದುವಿನಿಂದ 20 ಕಿಲೋಮೀಟರ್ ತನಕ ಕಟ್ಟಡ, ಮರಗಳ ಮೇಲೆ ನಿರ್ಬಂಧ ಹೇರುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿದ್ದು ಹಳೆಯ ಕಾಯಿದೆಯಿಂದಲೇ.

ಕೆಲಸದ ದೃಷ್ಟಿಯಿಂದ ನೋಡಿದರೆ ಓದುಗರಿಗೆ ಬೇಕಾದದ್ದು ಒಂದು ನಕ್ಷೆ, ಒಂದು ಪತ್ರ. ನಕ್ಷೆ ಎಂದರೆ ಬಣ್ಣದ ವಲಯ ನಕ್ಷೆ. ಹಲವು ನಿಲ್ದಾಣಗಳಿಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ (ಎಎಐ) ಇದನ್ನು ಮಾಡಿದೆ. ನಿಲ್ದಾಣದ ಸುತ್ತಲಿನ ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಬಣ್ಣಕ್ಕೆ ಸಮುದ್ರಮಟ್ಟದಿಂದ ಇಂತಿಷ್ಟು ಮೀಟರ್ ಎಂದು ಬರೆದಿರುತ್ತಾರೆ. ಕಟ್ಟಡ ಆ ಅಂಕಿಯೊಳಗೆ ಇದ್ದರೆ ನಗರಪಾಲಿಕೆಯೋ ಯೋಜನಾ ಪ್ರಾಧಿಕಾರವೋ ತಾನೇ ನಕ್ಷೆಗೆ ಒಪ್ಪಿಗೆ ಕೊಡಬಹುದು, ಎಎಐ ತನಕ ಹೋಗುವ ಅಗತ್ಯವಿಲ್ಲ. ಕೆಂಪು ಬಣ್ಣದ ವಲಯದಲ್ಲಿ ಮಾತ್ರ ಎತ್ತರ ಎಷ್ಟೇ ಕಡಿಮೆ ಇರಲಿ, ಆ ಪತ್ರ, ಅಂದರೆ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕೇ ಬೇಕು. ಅಂಕಿ ಮೀರಿ ಕಟ್ಟುವವರಿಗೂ ಎನ್‌ಒಸಿ ಬೇಕು.

ಎನ್‌ಒಸಿ ಅರ್ಜಿ ಈಗ ಪೂರ್ತಿ ಆನ್‌ಲೈನ್; ಎಎಐ ಇದಕ್ಕೆಂದೇ 'ನೊಕಾಸ್' ಎಂಬ ವ್ಯವಸ್ಥೆ ಇಟ್ಟಿದೆ. ಅರ್ಜಿಯ ಜೀವ ಇರುವುದು ಎರಡು ವಿವರಗಳಲ್ಲಿ: ಪ್ಲಾಟಿನ ಮೂಲೆಗಳ ಅಕ್ಷಾಂಶ–ರೇಖಾಂಶ (ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ) ಮತ್ತು ಪ್ಲಾಟಿನ ನೆಲದ ಸಮುದ್ರಮಟ್ಟ. ಇವೆರಡನ್ನೂ ಮೊಬೈಲಿನಲ್ಲಿ ನೋಡಿ ತುಂಬುವ ದುರಭ್ಯಾಸ ಸಲ್ಲದು. ಮೊಬೈಲು ತೋರಿಸುವ ಎತ್ತರದಲ್ಲಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದು, ಅಂದರೆ ಮೂರ್ನಾಲ್ಕು ಮಾಳಿಗೆ ಆಚೀಚೆ. ಪ್ರಮಾಣೀಕರಿಸಿದ ಸರ್ವೇ ಮಾಡಿಸಬೇಕು. ಎನ್‌ಒಸಿಯ ಷರತ್ತುಗಳಲ್ಲೇ ಸ್ಪಷ್ಟವಾಗಿ ಬರೆದಿರುತ್ತದೆ: ಅರ್ಜಿದಾರ ಕೊಟ್ಟ ಅಂಕಿಗಳ ಸತ್ಯಾಸತ್ಯಕ್ಕೆ ಪ್ರಾಧಿಕಾರ ಹೊಣೆಯಲ್ಲ, ಅಂಕಿ ತಪ್ಪೆಂದು ಮುಂದೆ ಗೊತ್ತಾದರೆ ಪತ್ರ ರದ್ದು. ಕಟ್ಟಡ ಎದ್ದ ಮೇಲೆ ಪತ್ರ ರದ್ದಾದರೆ ಏನು ಗತಿ?

ಪತ್ರ ಕೈಗೆ ಬಂದ ಮೇಲೆ ಮೂರು ಕಡೆ ಕಣ್ಣಾಡಿಸಬೇಕು. ಅನುಮತಿಸಿದ ತುದಿಯ ಎತ್ತರ ಸಮುದ್ರಮಟ್ಟದ ಲೆಕ್ಕದಲ್ಲಿದೆ, ಅದರಲ್ಲಿ ಪ್ಲಾಟಿನ ನೆಲದ ಮಟ್ಟ ಕಳೆಯಬೇಕು ಎಂಬುದನ್ನು ಇಂಜಿನಿಯರ್ ಗಮನಿಸಿದ್ದಾರೆಯೇ. ಪತ್ರದ ಅವಧಿ ಎಲ್ಲಿಯ ತನಕ ಇದೆ. ಮತ್ತು ಪತ್ರ ಯಾವ ನಿಲ್ದಾಣದ್ದು. ಈ ಮೂರನೆಯದು ಬೆಂಗಳೂರಿನಲ್ಲಿ ಮನೆ ಕೊಳ್ಳುವವರಿಗೆ ಮುಖ್ಯ. ಆ ಊರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವಿದೆ, ಎಚ್‌ಎಎಲ್ ಇದೆ, ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ, ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. 2008ರ ಮೇ 24ರಂದು ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು ಎಂದು ಹಳೆಯ ಎಚ್‌ಎಎಲ್ ಸುತ್ತಲಿನ ಮಿತಿ ಎದ್ದುಹೋಗಲಿಲ್ಲ. ಅಲ್ಲಿ ಪರೀಕ್ಷಾ ಹಾರಾಟ, ರಕ್ಷಣಾ ಹಾರಾಟ ಇವತ್ತಿಗೂ ಇವೆ. ಉತ್ತರ ಬೆಂಗಳೂರಿನ ಒಂದೇ ಪ್ಲಾಟು ಒಂದಕ್ಕಿಂತ ಹೆಚ್ಚು ವೃತ್ತದೊಳಗೆ ಬೀಳಬಹುದು. ನಾಗರಿಕ ನಿಲ್ದಾಣಕ್ಕೆ ಎಎಐ, ವಾಯುಪಡೆಯ ನೆಲೆಗೆ ವಾಯುಪಡೆ, ಎಚ್‌ಎಎಲ್‌ಗೆ ಎಚ್‌ಎಎಲ್: ಬಿಲ್ಡರ್ ತೋರಿಸುವ ಒಂದು ಪತ್ರ ನೋಡಿ ಸುಮ್ಮನಾಗುವಂತಿಲ್ಲ.

ಕೇಳಿದಷ್ಟು ಎತ್ತರ ಸಿಗದಿದ್ದರೆ ದಾರಿ ಮುಚ್ಚಿತು ಎಂದಲ್ಲ. ಸಚಿವಾಲಯದ ಮಟ್ಟದಲ್ಲಿ ಮೇಲ್ಮನವಿ ಸಮಿತಿ ಇದೆ. ಕೆಲವು ಸಂದರ್ಭಗಳಲ್ಲಿ ಈ ಕಟ್ಟಡದಿಂದ ಹಾರಾಟಕ್ಕೆ ನಿಜವಾಗಿ ತೊಂದರೆಯಾಗುತ್ತದೆಯೇ ಎಂದು ವೈಮಾನಿಕ ಅಧ್ಯಯನ ಮಾಡಿಸಿ ಎತ್ತರ ಹೆಚ್ಚಿಸಿಕೊಳ್ಳಬಹುದು. ರನ್‌ವೇಯ ನೇರದಲ್ಲಿದ್ದವರು ಇದರ ಮೇಲೆ ಹೆಚ್ಚು ಭರವಸೆ ಇಡದಿರುವುದೇ ಮೇಲು.

'ಎನ್.ಎ. ಆಗೇದ್ರಿ'

ಉತ್ತರ ಕರ್ನಾಟಕದ ಪ್ಲಾಟ್ ವ್ಯವಹಾರದಲ್ಲಿ ಈ ಮಾತಿಗೆ ಮಂತ್ರದ ತೂಕ. ಹೊಲ ಎನ್.ಎ. ಆಗಿದೆ, ಉತಾರದಲ್ಲಿ ಹೆಸರಿದೆ ಎಂದರೆ ಮುಕ್ಕಾಲು ಜನ ಅಡ್ವಾನ್ಸ್ ಕೊಟ್ಟೇಬಿಡುತ್ತಾರೆ. ಎನ್.ಎ. ಎಂದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಸೆಕ್ಷನ್ನಿನಡಿ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸಿದ ಆದೇಶ, ಅಷ್ಟೇ. ಅದರಲ್ಲಿ ಎತ್ತರದ ಮಾತೇ ಇರುವುದಿಲ್ಲ. ಲೇಔಟ್ ಮಂಜೂರಾತಿ ಇನ್ನೊಂದು, ಕಟ್ಟಡದ ಪರವಾನಗಿ ಮತ್ತೊಂದು, ವಿಮಾನ ನಿಲ್ದಾಣದ ಎನ್‌ಒಸಿ ಇವೆಲ್ಲದರ ಆಚೆಗಿನ ಕಾಗದ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಾಗವಾದರಂತೂ ಕೇಳದೇ ಹೇಳುವವರು ಸಿಗುವುದು ಕಡಿಮೆ.

ಆದ್ದರಿಂದ ಅಡ್ವಾನ್ಸಿಗೆ ಮೊದಲು ಕೇಳಬೇಕಾದ ಪ್ರಶ್ನೆ "ಏರ್‌ಪೋರ್ಟ್ ಎಷ್ಟು ಹತ್ತಿರ?" ಎಂದಾಗಬಾರದು. "ರನ್‌ವೇ ಯಾವ ದಿಕ್ಕಿಗೆ ಮುಖ ಮಾಡಿದೆ? ಈ ಸರ್ವೇ ನಂಬರಿನ ನೆಲ ಸಮುದ್ರಮಟ್ಟದಿಂದ ಎಷ್ಟು? ತುದಿ ಎಷ್ಟರ ತನಕ ಹೋಗಬಹುದು?" ಎಂದಾಗಬೇಕು. ಮೊದಲನೆಯದಕ್ಕೆ ಉತ್ತರ ಉಪಗ್ರಹ ನಕ್ಷೆಯಲ್ಲೇ ಸಿಗುತ್ತದೆ: ರನ್‌ವೇಯ ಎರಡೂ ತುದಿಗೆ ಒಂದು ನೇರ ಗೆರೆ ಎಳೆದು ನೋಡಿದರೆ ಪ್ಲಾಟು ಅದರ ಮೇಲಿದೆಯೋ ಬದಿಗಿದೆಯೋ ಎಂಬುದು ತಿಳಿಯುತ್ತದೆ. ಸಾಂಬ್ರಾ, ಮುತಗಾ, ಬಾಳೇಕುಂದ್ರಿ ಕಡೆಯಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆಯಾಗಲಿ ಜಾಗ ನೋಡುವವರಿಗೆ ಇದು ಒಂದು ಸಂಜೆಯ ಕೆಲಸ. ಈ ಎರಡೂ ನಿಲ್ದಾಣಗಳ ರನ್‌ವೇ ಈಗ ಮೊದಲಿಗಿಂತ ಉದ್ದ. ರನ್‌ವೇ ಉದ್ದವಾದಾಗ ಅದರ ತುದಿ ಜರುಗುತ್ತದೆ, ತುದಿ ಜರುಗಿದರೆ ಎತ್ತರದ ಮಿತಿಯೂ ಜರುಗುತ್ತದೆ. ಹತ್ತು ವರ್ಷದ ಹಿಂದೆ ಪಕ್ಕದ ಮನೆಯವರಿಗೆ ಸಿಕ್ಕ ಎತ್ತರ ಇವತ್ತು ತಮಗೂ ಸಿಗುತ್ತದೆ ಎಂದು ನಂಬಬಾರದು.

ವಿಜಯಪುರದ್ದು ಇದಕ್ಕೆ ಹತ್ತಿರದ ಉದಾಹರಣೆ. ಬುರಣಾಪುರ–ಮದಭಾವಿಯ 727 ಎಕರೆಯಲ್ಲಿ ನಿಲ್ದಾಣದ ಕೆಲಸ 2021ರಲ್ಲಿ ಶುರುವಾದಾಗ ಯೋಜನೆ ಇದ್ದದ್ದು ಎಟಿಆರ್–72ರಂಥ ಸಣ್ಣ ವಿಮಾನಕ್ಕೆ. ಆಮೇಲೆ ಏರ್‌ಬಸ್ 320 ಇಳಿಯುವಂತೆ ಬದಲಾಯಿಸಿದರು. ಪರಿಸರ ಅನುಮತಿಯ ತೊಡಕಿನಿಂದ ಉದ್ಘಾಟನೆ ಮುಂದಕ್ಕೆ ಹೋಗುತ್ತ ಬಂತು, ಆದರೆ ಸುತ್ತಲಿನ ಜಮೀನಿನ ಬೆಲೆ ಯಾರ ಅನುಮತಿಗೂ ಕಾಯಲಿಲ್ಲ. ಜಮಖಂಡಿಯಿಂದ ವಿಜಯಪುರಕ್ಕೆ ಹೋಗಿ ಪ್ಲಾಟು ಹಿಡಿದವರು ಕಡಿಮೆಯಿಲ್ಲ. ಅವರು ಈಗಲೇ ಮಾಡಿಸಬಹುದಾದ ಅಗ್ಗದ ಕೆಲಸ ಎಂದರೆ ತಮ್ಮ ಪ್ಲಾಟಿನ ಸಮುದ್ರಮಟ್ಟದ ಸರ್ವೇ.

ಮೀರಿ ಕಟ್ಟಿದರೆ

ಏನೂ ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಬಹಳ ದಿನ ಏನೂ ಆಗುವುದೂ ಇಲ್ಲ. ಮುಂಬೈಯಲ್ಲಿ ನಡೆದದ್ದು ಹಾಗೆಯೇ. ಅಲ್ಲಿನ ನಿಲ್ದಾಣದ ಸುತ್ತ ಮಿತಿ ಮೀರಿದ ಕಟ್ಟಡಗಳ ಬಗ್ಗೆ ವಕೀಲರೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2022ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ 48 ಕಟ್ಟಡಗಳ ಹೆಚ್ಚುವರಿ ಎತ್ತರವನ್ನು ತೆಗೆಸಲು ಜಿಲ್ಲಾಧಿಕಾರಿಗೆ ಆದೇಶಿಸಿತು. ಮೇಲಿನ ಮಾಳಿಗೆ ಕೊಂಡವನು ಬಿಲ್ಡರನ ಜೊತೆ ಜಗಳವಾಡುವುದು ಆಮೇಲಿನ ಮಾತು. ಸುತ್ತಿಗೆ ಮೊದಲು ಬೀಳುವುದು ಅವನ ತಲೆಯ ಮೇಲಿನ ಚಾವಣಿಗೇ.

ಕೆಡವುವುದಕ್ಕೆ ಪ್ರತ್ಯೇಕ ನಿಯಮಗಳು 1994ರಿಂದಲೂ ಇವೆ. ನಿಲ್ದಾಣದ ಅಧಿಕಾರಿ ಮಾಲೀಕರಿಗೆ ನೋಟಿಸ್ ಕೊಟ್ಟು ಕಟ್ಟಡದ ವಿವರ ಕೇಳುತ್ತಾರೆ, ವರದಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಹೋಗುತ್ತದೆ, ಅಲ್ಲಿಂದ ತಗ್ಗಿಸುವ ಇಲ್ಲವೇ ಕೆಡವುವ ಆದೇಶ ಬರುತ್ತದೆ. ಮಾಲೀಕರು ಮಾಡದಿದ್ದರೆ ಜಿಲ್ಲಾಧಿಕಾರಿ ಮಾಡಿಸುತ್ತಾರೆ. ನಿರ್ಬಂಧ ಬರುವ ಮೊದಲೇ ಇದ್ದ ಕಟ್ಟಡಕ್ಕೆ ಪರಿಹಾರ ಕೇಳುವ ದಾರಿ ಇದೆ, ಆಮೇಲೆ ನಿಯಮ ಮುರಿದು ಕಟ್ಟಿದ್ದಕ್ಕೆ ಅದನ್ನು ನೆಚ್ಚುವಂತಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಮೇಲೇರಿದ ಬೆನ್ನಿಗೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿತು. ವಾರ ಕಳೆಯುವುದರೊಳಗೆ ಸಚಿವಾಲಯ ಈ ಕೆಡವುವ ನಿಯಮಗಳನ್ನು ಬಿಗಿ ಮಾಡುವ ಹೊಸ ಕರಡನ್ನು ಹೊರಡಿಸಿತು. ನೋಟಿಸು, ಉತ್ತರ, ಕೆಡವುವಿಕೆ ಎಲ್ಲಕ್ಕೂ ಅದರಲ್ಲಿ ದಿನಗಳ ಗಡುವು.

ಎತ್ತರ ಒಂದೇ ಅಲ್ಲ

ನೆಲದ ಮೇಲೆ ಏನು ಮಾಡುತ್ತೇವೆ ಎಂಬುದಕ್ಕೂ ಕಟ್ಟಳೆಯಿದೆ. ನಿಲ್ದಾಣದ ನಡುಬಿಂದುವಿನಿಂದ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿಗಳನ್ನು ಕರೆಯುವಂಥ ಕಸ ಚೆಲ್ಲುವುದು 1937ರ ವಿಮಾನ ನಿಯಮಗಳಿಂದಲೇ ನಿಷಿದ್ಧ. ಹದ್ದೊಂದು ಎಂಜಿನ್ನಿಗೆ ಸಿಕ್ಕರೆ ಸಾಕು. ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ಹೊತ್ತಿಗೆ ಸುತ್ತಲಿನ ಮಾಂಸದಂಗಡಿಗಳಿಗೆ ಬೀಗ ಬೀಳುವುದು ಇದೇ ಕಾರಣಕ್ಕೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರ ತನಕ 10 ಕಿಲೋಮೀಟರ್ ಸುತ್ತ ಮಾಂಸ ಮಾರಾಟ ನಿಂತಿತ್ತು. ಊರ ಕಸದ ರಾಶಿಗೆ ಇನ್ನೂ ದೊಡ್ಡ ದೂರ: 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕಸ ತುಂಬುವ ಜಾಗ ನಿಲ್ದಾಣದಿಂದ 20 ಕಿಲೋಮೀಟರ್ ಆಚೆ ಇರಬೇಕು, 10ರಿಂದ 20ರ ನಡುವೆ ಮಾಡಬೇಕೆಂದರೆ ಎನ್‌ಒಸಿ ತರಬೇಕು.

ಹೊಗೆಯ ಮಾತು ಕಬ್ಬಿನ ಸೀಮೆಯವರಿಗೆ ತಟ್ಟುತ್ತದೆ. ನಿಲ್ದಾಣದ 8 ಕಿಲೋಮೀಟರ್ ಒಳಗೆ ಕುಲುಮೆ ಇಡುವವರು ಎಣ್ಣೆ ಇಲ್ಲವೇ ವಿದ್ಯುತ್ತಿನದೇ ಇಡಬೇಕೆಂಬ ಷರತ್ತು ಎನ್‌ಒಸಿಗಳಲ್ಲಿ ಕಾಣುತ್ತದೆ. ಕಬ್ಬಿನ ಸಿಪ್ಪೆಯನ್ನೇ ಉರುವಲು ಮಾಡುವ ಬೆಲ್ಲದ ಗಾಣ, ಕಟಾವಿನ ಮೇಲೆ ಸುಡುವ ರವದಿ ಇವೆರಡಕ್ಕೂ ವಿಮಾನ ನಿಲ್ದಾಣದ ನೆರೆ ಒಗ್ಗದು. 

ಕಬ್ಬಿಗೆ ಔಷಧ ಹೊಡೆಯಲು ಈಗ ಡ್ರೋನ್ ಬಂದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗೋಡೆಯಿಂದ 12 ಕಿಲೋಮೀಟರ್ ಆಚೆ ಸಾಮಾನ್ಯವಾಗಿ 400 ಅಡಿ ತನಕ ಹಾರಿಸಲು ತೊಡಕಿಲ್ಲ. 8ರಿಂದ 12ರ ನಡುವೆ 200 ಅಡಿ ತನಕ. 8 ಕಿಲೋಮೀಟರಿನ ಒಳಗೆ ಅನುಮತಿ ಇಲ್ಲದೆ ನೆಲ ಬಿಟ್ಟು ಏಳಿಸುವಂತಿಲ್ಲ. ಜಮಖಂಡಿಯ ಹೊಲದಲ್ಲಿ ನಡೆಯುವ ಡ್ರೋನು ಸಾಂಬ್ರಾದ ಬೀಗರ ಹೊಲದಲ್ಲಿ ಕಾನೂನು ಮುರಿದಂತಾಗುತ್ತದೆ. ಜಾತ್ರೆ, ಮದುವೆ ಮೆರವಣಿಗೆಯ ಡಿಜೆಗಳು ಆಕಾಶಕ್ಕೆ ಬಿಡುವ ಲೇಸರ್ ಬೆಳಕು ಇನ್ನೂ ಅಪಾಯದ್ದು. ಇಳಿಯುತ್ತಿರುವ ಪೈಲಟ್‌ಗೆ ಕಣ್ಣು ಕತ್ತಲಿಟ್ಟರೆ ತಪ್ಪು ಸರಿಪಡಿಸಿಕೊಳ್ಳಲು ಸಮಯವಿರುವುದಿಲ್ಲ.

ಜಿಲ್ಲೆಗೆ ನಿಲ್ದಾಣ ಬಂದರೆ

ಬಾಗಲಕೋಟೆ ಜಿಲ್ಲೆಗೂ ಒಂದು ವಿಮಾನ ನಿಲ್ದಾಣ ಬೇಕು ಎಂಬ ಮಾತು ಚುನಾವಣೆ ಹತ್ತಿರವಾದಾಗ, ಬಾದಾಮಿ–ಪಟ್ಟದಕಲ್ಲಿನ ಪ್ರವಾಸೋದ್ಯಮದ ಮಾತು ಬಂದಾಗ ಕೇಳುತ್ತಿರುತ್ತದೆ. ಬರಲಿ, ತಪ್ಪಿಲ್ಲ. ಆದರೆ ಆ ಚರ್ಚೆಯಲ್ಲಿ ಎಕರೆಯ ಲೆಕ್ಕ, ಪರಿಹಾರದ ಲೆಕ್ಕ ಬಿಟ್ಟರೆ ಎತ್ತರದ ಲೆಕ್ಕ ಬರುವುದೇ ಇಲ್ಲ. ನಿಲ್ದಾಣಕ್ಕೆ ಜಮೀನು ಕೊಟ್ಟವನಿಗೆ ಪರಿಹಾರ ಸಿಗುತ್ತದೆ. ಅದರಿಂದ ಐದು ಕಿಲೋಮೀಟರ್ ಆಚೆ ಜಮೀನು ಉಳಿಸಿಕೊಂಡವನಿಗೆ ಒಂದು ಚಾವಣಿ ಸಿಗುತ್ತದೆ, ಅದೂ ಹೇಳದೆ ಕೇಳದೆ.

ಸೊಲ್ಲಾಪುರದಲ್ಲಿ ತಪ್ಪು ಯಾರದ್ದು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ನಿಲ್ದಾಣ ಹಳೆಯದು, ಚಿಮಣಿ ಆಮೇಲೆ ಬಂದದ್ದು. ಹಾಗಾಗಿ ಕಾನೂನು ನಿಲ್ದಾಣದ ಕಡೆ ನಿಂತಿತು. ಈ ಜಿಲ್ಲೆಯಲ್ಲಿ ಅನುಕ್ರಮ ತಲೆಕೆಳಗು: ಚಿಮಣಿಗಳು ಮೊದಲೇ ನಿಂತಿವೆ, ನಿಲ್ದಾಣ ಬರಬೇಕಿದೆ. ಆದ್ದರಿಂದ ಜಾಗ ಹುಡುಕುವ ಸಮಿತಿಯ ಮುಂದೆ ಮೊದಲು ಇಡಬೇಕಾದದ್ದು ಸರ್ಕಾರಿ ಗೋಮಾಳದ ಪಟ್ಟಿಯಾಗಬಾರದು. ಪ್ರತಿ ಸಕ್ಕರೆ ಕಾರ್ಖಾನೆಯ ಚಿಮಣಿ, ಸಿಮೆಂಟ್ ಕಾರ್ಖಾನೆಯ ಗೋಪುರ, ಹೈಟೆನ್ಶನ್ ಲೈನಿನ ಕಂಬ, ಮೊಬೈಲ್ ಟವರ್, ಬೆಟ್ಟದ ನೆತ್ತಿ ಇವಿಷ್ಟರ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ತುದಿಯ ಎತ್ತರ ಒಂದು ಹಾಳೆಯಲ್ಲಿ ಬರಬೇಕು. ತಹಶೀಲ್ದಾರ್ ಕಚೇರಿ, ಹೆಸ್ಕಾಂ ಮತ್ತು ಕಾರ್ಖಾನೆಗಳು ಸೇರಿದರೆ ತಿಂಗಳೊಪ್ಪತ್ತಿನ ಕೆಲಸ. ಹೊಸ ಬಾಯ್ಲರ್, ಹೊಸ ಚಿಮಣಿ ಹಾಕಲು ಹೊರಟ ಕಾರ್ಖಾನೆಗಳು ತಮ್ಮ ಪಾಲಿನ ಅಂಕಿಗಳನ್ನು ಈಗಲೇ ಸರ್ವೇ ಮಾಡಿಸಿ, ತಾರೀಖು ಸಮೇತ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬಹುದು. ಮೊದಲು ಬಂದವರು ಯಾರು ಎಂಬ ಪ್ರಶ್ನೆ ಕೋರ್ಟಿಗೆ ಹೋದ ದಿನ ತೋರಿಸಲು ಆ ಸ್ವೀಕೃತಿ ಬೇಕಾಗುತ್ತದೆ.